ಕಟ್ಟಿದ ದುಡ್ಡಿನ ಮಾತು ಕೇಳಬೇಡಿ

2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದಾಗ ನಮ್ಮ ಕುಟುಂಬ ಶ್ರೀನಗರದಲ್ಲಿತ್ತು. ಮುಂದಿನ ತಂಗುದಾಣ ಪಹಲ್ಗಾಮೇ. ಅಲ್ಲಿನ ಹೋಟೆಲಿಗೂ ಟ್ಯಾಕ್ಸಿಗೂ ಮುಂಗಡ ಕೊಟ್ಟಾಗಿತ್ತು. ಅಲ್ಲಿಗೆ ಹೋಗುವ ಮಾತು ಆಗಲೇ ಬಿದ್ದುಹೋಯಿತು. ಗುಲ್‌ಮಾರ್ಗ್ ಆದರೂ ನೋಡೋಣವೇ, ಸೀದಾ ಬೆಂಗಳೂರಿಗೆ ಹೊರಡೋಣವೇ ಎಂಬುದಷ್ಟೇ ಇತ್ಯರ್ಥವಾಗಲಿಲ್ಲ. ‘ಇಷ್ಟೆಲ್ಲ ದುಡ್ಡು ಕಟ್ಟಿದ್ದೀವಲ್ಲ ಭಾವ’ ಎಂದು ನನ್ನ ಹೆಂಡತಿಯ ತಮ್ಮ ಮತ್ತೆ ಮತ್ತೆ ಹೇಳುತ್ತಿದ್ದ.

ನಾವು ಉಳಿದರೂ ಹೊರಟರೂ ಕಟ್ಟಿದ ದುಡ್ಡಿನ ಗತಿ ಒಂದೇ. ಹಾಗಾಗಿ ಅದನ್ನು ಲೆಕ್ಕದಿಂದ ತೆಗೆದುಹಾಕಿ, ಮುಂದಿನ ಖರ್ಚನ್ನು ಮಾತ್ರ ಬರೆದೆವು: ಬೇಗ ಹೊರಟರೆ ಎಷ್ಟು, ಉಳಿದರೆ ಎಷ್ಟು. ಮಕ್ಕಳನ್ನು ಕಟ್ಟಿಕೊಂಡು ಹೆದರುತ್ತಾ ಸುತ್ತುವುದಕ್ಕೆ ಇನ್ನಷ್ಟು ಸುರಿಯಲು ಯಾರಿಗೂ ಮನಸ್ಸಾಗಲಿಲ್ಲ.

ದಾಳಿಗೆ ಎರಡು ದಿನ ಮೊದಲು ರಾಂಬನ್‌ನ ಭೂಕುಸಿತದಿಂದ ಜಮ್ಮು ಹೆದ್ದಾರಿ ಕೆಟ್ಟಿತ್ತು, ವಿಮಾನವೇ ಗತಿ. ಹಾಗೆಂದು ಗಾಬರಿಯಲ್ಲಿ ಹಳೆಯ ಟಿಕೆಟ್ ರದ್ದು ಮಾಡಲಿಲ್ಲ. ವಿಮಾನ ಕಂಪನಿಗಳು ಏಪ್ರಿಲ್ 30ರವರೆಗಿನ ಶ್ರೀನಗರದ ಟಿಕೆಟ್‌ಗಳಿಗೆ ದಿನಾಂಕ ಬದಲಾವಣೆ ಮತ್ತು ರದ್ದತಿ ಶುಲ್ಕ ಮನ್ನಾ ಮಾಡಿದ ಮೇಲೆ ಮುಂಚಿನ ದಿನಕ್ಕೆ ಬದಲಿಸಿಕೊಂಡೆವು.

ಯಾರು ರದ್ದು ಮಾಡಿದರು ಎಂಬುದರ ಮೇಲೆ ಹಣದ ಹಣೆಬರಹ ನಿಂತಿದೆ. ಕಂಪನಿಯೇ ವಿಮಾನ ರದ್ದು ಮಾಡಿದರೆ ಪೂರ್ತಿ ಹಣವನ್ನೋ ಬದಲಿ ವಿಮಾನವನ್ನೋ ಕೇಳಬಹುದು. ನೀವೇ ರದ್ದು ಮಾಡಿದರೆ ಶುಲ್ಕ ಬೀಳುತ್ತದೆ. ಆದರೂ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದ ಪ್ರಕಾರ ಅದು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ‘ನಾನ್‌ ರಿಫಂಡಬಲ್’ ಟಿಕೆಟ್ ಆದರೂ ವಿಮಾನ ನಿಲ್ದಾಣದ ಶುಲ್ಕಗಳನ್ನು ಮರಳಿಸಲೇಬೇಕು. ಕೇಳಿ ಪಡೆಯಿರಿ. ರೈಲಿನಲ್ಲೂ ಅಷ್ಟೇ: ಇಲಾಖೆಯೇ ರೈಲು ರದ್ದು ಮಾಡಿದರೆ ಪೂರ್ತಿ ಹಣ, ನೀವು ಮಾಡಿದರೆ ಕಡಿತ.

ವಿಮೆ ಕೈಹಿಡಿಯುತ್ತದೆ ಎಂದು ಕೂರಬೇಡಿ. ಪಾಲಿಸಿಯಲ್ಲಿ ಪಟ್ಟಿ ಮಾಡಿದ ಕಾರಣಗಳಿಗಷ್ಟೇ ಪರಿಹಾರ. ಹೆದರಿ ಹಿಂದಿರುಗಿದ್ದು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಪ್ರವಾಸ ಅರ್ಧಕ್ಕೆ ಮೊಟಕಾದರೆ ಏನು ಕೊಡುತ್ತಾರೆ, ಭಯೋತ್ಪಾದನೆಯನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಕೊಳ್ಳುವ ಮೊದಲೇ ಓದಿ.

ಪಹಲ್ಗಾಮಿನ ಹೋಟೆಲಿನವರು ಅರ್ಧ ಮುಂಗಡ ವಾಪಸು ಕೊಟ್ಟರು. ಉಳಿದರ್ಧಕ್ಕೆ ನಾವು ಪಟ್ಟು ಹಿಡಿಯಲಿಲ್ಲ. ಕಾಶ್ಮೀರದ 48 ಪ್ರವಾಸಿ ತಾಣಗಳನ್ನು ಸರ್ಕಾರ ಆ ತಿಂಗಳಲ್ಲೇ ಮುಚ್ಚಿತು. ಅವರ ಹಂಗಾಮು ನಮ್ಮ ಪ್ರವಾಸಕ್ಕಿಂತ ದೊಡ್ಡ ನಷ್ಟ ಕಂಡಿತ್ತು.

ಈಗ ನಮ್ಮ ಪ್ರವಾಸದ ಬಜೆಟ್ಟಿನಲ್ಲಿ ‘ತುರ್ತು ವಾಪಸಾತಿ’ ಎಂಬ ಬಾಬ್ತು ಇದೆ. ಮನೆಮಂದಿಯೆಲ್ಲ ದಿಢೀರನೆ ಊರಿಗೆ ಮರಳುವ ಟಿಕೆಟ್‌ಗೆ ಸಾಲುವಷ್ಟು ಹಣ ಅದು. ನೀವೂ ಅಷ್ಟನ್ನು ಬೇರೆ ಖಾತೆಯಲ್ಲಿಟ್ಟೇ ಹೊರಡಿ. ಅದಕ್ಕೆ ದುಡ್ಡು ಸಾಲದಿದ್ದರೆ ಪ್ರವಾಸದಲ್ಲಿ ಒಂದು ಊರು ಕಡಿಮೆ ಮಾಡಿ.