ಹೊತ್ತಿಕೊಳ್ಳದ ಫರ್ನೇಸು

ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಪತ್ನಿಯನ್ನೂ ಎರಡು ವರ್ಷದ ಮಗುವನ್ನೂ ಕರೆದುಕೊಂಡು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ನೋಡಲು ಹೋಗಿದ್ದನು. ಅವರು ಬಾಡಿಗೆಗೆ ಪಡೆದಿದ್ದುದು ಅಲ್ಲಿಯವರು ಕ್ಯಾಂಪರ್ ಎಂದು ಕರೆಯುವ ಸಂಚಾರಿ ಮನೆ. ಪಿಕಪ್ ವಾಹನದ ಹಿಂಭಾಗದಲ್ಲಿ ಕೂರಿಸಿದ ಈ ಪುಟ್ಟ ಕೋಣೆಯಲ್ಲಿ ಮಂಚ, ಒಲೆ, ದೀಪಗಳಲ್ಲದೆ, ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುವ ಫರ್ನೇಸೂ ಇರುತ್ತದೆ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಆ ಪ್ರದೇಶದಲ್ಲಿ ಆ ಕಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವುದು ಅಪರೂಪವಲ್ಲ.

ಬೆಳಗಿನ ಜಾವ ನಾಲ್ಕು ಗಂಟೆಗೆ ಮಗು ಚಳಿಯಿಂದ ಅಳತೊಡಗಿತು. ಫರ್ನೇಸಿನ ಫ್ಯಾನು ತಿರುಗುತ್ತಲೇ ಇತ್ತು. ಆದರೆ ಅದರಿಂದ ಬರುತ್ತಿದ್ದುದು ತಣ್ಣನೆಯ ಗಾಳಿ. ಅನಿಲ ಮುಗಿದಿರಬೇಕೆಂದು ಭಾವಿಸಿ ಅವನು ಕತ್ತಲೆಯಲ್ಲಿಯೇ ಸಿಲಿಂಡರನ್ನು ಬದಲಾಯಿಸಿದನು. ಪ್ರಯೋಜನವಾಗಲಿಲ್ಲ. ಕಿಟಕಿಗಳನ್ನು ಮುಚ್ಚಿ ಅಡಿಗೆಯ ಒಲೆಯನ್ನೇ ಉರಿಸೋಣವೆಂಬ ಯೋಚನೆಯೂ ಬಂದಿತಂತೆ. ಪುಣ್ಯವಶಾತ್ ಅವನು ಹಾಗೆ ಮಾಡಲಿಲ್ಲ. ದೋಷವೆಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ಮೊದಲು ಈ ಯಂತ್ರದ ನಡೆಯನ್ನು ಅರಿಯಬೇಕು.

ಕಾವಲುಗಾರರ ಸರಪಳಿ

ಅಡಿಗೆಯ ಒಲೆಯಲ್ಲಿ ಅನಿಲವನ್ನು ಬಿಡುವವರೂ, ಕಿಡಿ ತಗುಲಿಸುವವರೂ, ಉರಿ ಹತ್ತಿತೇ ಎಂದು ನೋಡುವವರೂ ನಾವೇ. ಫರ್ನೇಸಾದರೋ ನಾವು ನಿದ್ರಿಸುತ್ತಿರುವಾಗ ತಾನೇ ಹೊತ್ತಿ ತಾನೇ ಆರಬೇಕು. ಆದುದರಿಂದ ಅದು ಒಂದು ಹೆಜ್ಜೆ ಸರಿಯಾಯಿತೆಂದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆಯನ್ನಿಡುತ್ತದೆ.

ಕೋಣೆಯ ಉಷ್ಣತೆ ನಿಗದಿಯಾದ ಮಟ್ಟಕ್ಕಿಂತ ಇಳಿದೊಡನೆ ಥರ್ಮೋಸ್ಟಾಟ್ ವಿದ್ಯುನ್ಮಂಡಲವನ್ನು ಪೂರ್ತಿಗೊಳಿಸುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ಮೋಟರು ತಿರುಗತೊಡಗುತ್ತದೆ. ಈ ಮೋಟರಿಗೆ ಎರಡು ಕೆಲಸ. ಹೊರಗಿನ ಗಾಳಿಯನ್ನು ದಹನಕೋಷ್ಠಕ್ಕೆ ತಂದು ಹೊಗೆಯನ್ನು ಹೊರಕ್ಕೆ ತಳ್ಳುವುದು ಒಂದು. ಕೋಣೆಯ ಗಾಳಿಯನ್ನು ಆ ಕೋಷ್ಠದ ಬಿಸಿಯಾದ ಹೊರಮೈಯ ಮೇಲೆ ಹಾಯಿಸುವುದು ಇನ್ನೊಂದು. ಈ ಎರಡು ಗಾಳಿಗಳು ಪರಸ್ಪರ ಬೆರೆಯಬಾರದು.

ಗಾಳಿಯ ದಾರಿಯಲ್ಲಿ ತೆಳುವಾದ ಒಂದು ತಗಡಿದೆ. ಹಾಯಿದೋಣಿಯ ಹಾಯಿಯಂತೆ ಗಾಳಿಯ ಒತ್ತಡಕ್ಕೆ ಅದು ಬಾಗಿ ಒಂದು ಸ್ವಿಚ್ಚನ್ನು ಮುಚ್ಚುತ್ತದೆ. ಇದನ್ನು ಹಾಯಿ ಸ್ವಿಚ್ಚು ಎನ್ನೋಣ. ಫ್ಯಾನು ಸಾಕಷ್ಟು ವೇಗವಾಗಿ ತಿರುಗದಿದ್ದರೆ ಹಾಯಿ ಬಾಗದು. ಹಾಯಿ ಬಾಗದಿದ್ದರೆ ಅನಿಲದ ಕವಾಟ ತೆರೆಯದು. ಉಷ್ಣತೆ ಮಿತಿಮೀರಿದರೆ ಮಂಡಲವನ್ನು ಕಡಿಯುವ ಮತ್ತೊಂದು ಸ್ವಿಚ್ಚೂ ಇದರೊಡನೆ ಸರಣಿಯಲ್ಲಿರುತ್ತದೆ.

ಇವೆರಡೂ ಸರಿಯಿದ್ದರೆ ನಿಯಂತ್ರಣ ಫಲಕವು ಕೆಲವು ಸೆಕೆಂಡುಗಳ ಕಾಲ ಕೋಷ್ಠದಲ್ಲಿ ಗಾಳಿಯಾಡಿಸಿ, ಅನಂತರ ಅನಿಲವನ್ನು ಬಿಟ್ಟು ಕಿಡಿಯನ್ನು ಹಾರಿಸುತ್ತದೆ. ಉರಿ ಹತ್ತಿತೆಂಬುದು ಅದಕ್ಕೆ ತಿಳಿಯುವುದಾದರೂ ಹೇಗೆ? ಜ್ವಾಲೆಯಲ್ಲಿ ಅಯಾನುಗಳಿರುವುದರಿಂದ ಅದು ವಿದ್ಯುತ್ತನ್ನು ಅಲ್ಪಸ್ವಲ್ಪ ಹರಿಯಗೊಡುತ್ತದೆ. ಜ್ವಾಲೆಯಲ್ಲಿ ನಿಲ್ಲಿಸಿದ ಲೋಹದ ಕಡ್ಡಿಯ ಮೂಲಕ ಕೆಲವೇ ಮೈಕ್ರೋ ಆಂಪಿಯರುಗಳ ಪ್ರವಾಹ ದೊರೆತರೆ ಉರಿ ಇದೆ ಎಂದರ್ಥ. ದೊರೆಯದಿದ್ದರೆ ಕವಾಟ ಮುಚ್ಚಿಕೊಳ್ಳುತ್ತದೆ. ಅನೇಕ ಫರ್ನೇಸುಗಳು ಹೀಗೆ ಮೂರು ಸಲ ಪ್ರಯತ್ನಿಸಿ, ಆಮೇಲೆ ಸುಮ್ಮನಾಗುತ್ತವೆ.

ಸದ್ದು ಹೇಳುವ ಸಂಗತಿ

ಕೆಲಸ ಯಾವ ಹೆಜ್ಜೆಯಲ್ಲಿ ನಿಂತಿತೆಂಬುದನ್ನು ಗಮನಿಸಿದರೆ ದೋಷವನ್ನು ಅರಸಬೇಕಾದ ಸ್ಥಳವು ಕಿರಿದಾಗುತ್ತದೆ. ಫ್ಯಾನೇ ತಿರುಗದಿದ್ದರೆ ಥರ್ಮೋಸ್ಟಾಟ್, ಫ್ಯೂಸು, ಬ್ಯಾಟರಿ ಅಥವಾ ಮೋಟರನ್ನು ಶಂಕಿಸಬೇಕು. ಫ್ಯಾನು ತಿರುಗಿಯೂ ಕಿಡಿಯ ಟಿಕ್ ಟಿಕ್ ಸದ್ದು ಕೇಳದಿದ್ದರೆ ಗಾಳಿ ಸಾಲದು, ಇಲ್ಲವೇ ಧೂಳಿನಿಂದ ಹಾಯಿ ಸಿಕ್ಕಿಕೊಂಡಿದೆ ಎಂದು ಮೊದಲು ಊಹಿಸಬಹುದು. ಕಿಡಿಯ ಸದ್ದು ಕೇಳಿಯೂ ಉರಿ ಹತ್ತದಿದ್ದರೆ ಅನಿಲ ಬರುತ್ತಿಲ್ಲ, ಇಲ್ಲವೇ ಕಿಡಿ ತಕ್ಕ ಸ್ಥಳದಲ್ಲಿ ಬೀಳುತ್ತಿಲ್ಲ. ಕಣಜಗಳು ಹೊಗೆಯ ಕೊಳವೆಯಲ್ಲಿ ಗೂಡು ಕಟ್ಟಿರುವುದೂ ಉಂಟು. ಉರಿ ಹತ್ತಿ ಕೆಲವು ಸೆಕೆಂಡುಗಳಲ್ಲಿಯೇ ಆರಿಹೋದರೆ ಜ್ವಾಲೆಯನ್ನು ಗುರುತಿಸುವ ಕಡ್ಡಿಯ ಮೇಲೆ ಮಸಿ ಕಟ್ಟಿರಬಹುದು, ಅಥವಾ ಅನಿಲದ ಒತ್ತಡ ಕಡಮೆಯಾಗಿರಬಹುದು.

ಚಳಿಯೇ ಅನಿಲವನ್ನು ತಡೆದಿರಬಹುದೇ? ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಸಿಲಿಂಡರಿನಲ್ಲಿ ದ್ರವ ಉಳಿದಿರುವವರೆಗೂ ಒಳಗಿನ ಒತ್ತಡವು ದ್ರವದ ಪ್ರಮಾಣವನ್ನಲ್ಲ, ಅದರ ಉಷ್ಣತೆಯನ್ನು ಅವಲಂಬಿಸುತ್ತದೆ. 20 ಡಿಗ್ರಿಯಲ್ಲಿ ಅದು ಸುಮಾರು 8 ವಾಯುಮಂಡಲಗಳಷ್ಟು. ಸೊನ್ನೆಗಿಂತ 10 ಡಿಗ್ರಿ ಕೆಳಗೂ ಸುಮಾರು 3.4ರಷ್ಟು. ರೆಗ್ಯುಲೇಟರ್ ಇದನ್ನು ಹೊರಗಿನ ಗಾಳಿಗಿಂತ ಕೇವಲ 28 ಸೆಂಟಿಮೀಟರ್ ನೀರಿನ ಕಂಬದಷ್ಟು ಹೆಚ್ಚಿರುವಂತೆ ತಗ್ಗಿಸುತ್ತದೆ. ಆದುದರಿಂದ ಅಂದಿನ ಚಳಿ ಪ್ರೊಪೇನಿಗೆ ದೊಡ್ಡ ಅಡ್ಡಿಯಲ್ಲ. ನಮ್ಮ ಮನೆಗಳ ಸಿಲಿಂಡರಿನಲ್ಲಿ ಬ್ಯೂಟೇನೂ ಬೆರೆತಿದೆ. ಅದು ಕುದಿಯುವುದು ಸೊನ್ನೆಯ ಸಮೀಪದಲ್ಲಿ; ಬ್ಯೂಟೇನನ್ನೇ ನೆಚ್ಚಿದ್ದರೆ ಆ ರಾತ್ರಿ ತೊಂದರೆಯಾಗುತ್ತಿತ್ತು.

ಬ್ಯಾಟರಿಯ ಗುಟ್ಟು

ನನ್ನ ವಿದ್ಯಾರ್ಥಿಯು ಸಿಲಿಂಡರನ್ನು ಬದಲಾಯಿಸಿದ ಮೇಲೆ ಕಿಟಕಿ ತೆರೆದು ಒಲೆಯನ್ನು ಒಂದು ನಿಮಿಷ ಹೊತ್ತಿಸಿ ನೋಡಿದನು. ಅದರ ಎಲ್ಲ ಬರ್ನರುಗಳೂ ನೀಲಿಯಾಗಿ, ಕುಗ್ಗದೆ ಉರಿದವು. ಅನಿಲವೂ ಅದರ ಒತ್ತಡವೂ ಬಹುಮಟ್ಟಿಗೆ ಸರಿಯಾಗಿದ್ದುವೆಂದಾಯಿತು. ಫರ್ನೇಸಿಗೆ ಕಿವಿಗೊಟ್ಟಾಗ ಕಿಡಿಯ ಸದ್ದಿರಲಿಲ್ಲ. ಫ್ಯಾನಿನ ಸ್ವರವು ಸಂಜೆಗಿಂತ ತಗ್ಗಿದೆಯೆಂಬುದನ್ನೂ ಆಗಲೇ ಗಮನಿಸಿದನು.

ವೋಲ್ಟ್ ಮಾಪಕದಿಂದ ಅಳೆದಾಗ ಫ್ಯಾನು ನಿಂತಿರುವಾಗ 12.1 ವೋಲ್ಟ್, ತಿರುಗುವಾಗ 10.2 ವೋಲ್ಟ್ ಕಂಡುಬಂದಿತು. ಮೋಟರು ಸುಮಾರು 8 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತಿತ್ತು. ನಷ್ಟವಾದ 1.9 ವೋಲ್ಟುಗಳನ್ನು 8ರಿಂದ ಭಾಗಿಸಿದರೆ ಮಂಡಲದಲ್ಲಿ ಅಡಗಿದ್ದ ರೋಧವು ಸುಮಾರು 0.24 ಓಮ್ ಎಂದು ತಿಳಿಯುತ್ತದೆ. ಕಾಲು ಓಮಿಗೂ ಕಡಮೆಯಾದ ಈ ರೋಧವೇ ಮೂವರನ್ನು ಚಳಿಯಲ್ಲಿ ನಡುಗಿಸಿತು! ರಾತ್ರಿಯೆಲ್ಲ ಕೆಲಸಮಾಡಿ ಬ್ಯಾಟರಿ ದಣಿದಿತ್ತು. ಚಳಿಯಲ್ಲಿ ಅದರ ಆಂತರಿಕ ರೋಧ ಹೆಚ್ಚಿತ್ತು. ಸಾಲದುದಕ್ಕೆ ಅದರ ತುದಿಗಳ ಮೇಲೆ ಬಿಳಿಯ ಕಿಲುಬು ಕಟ್ಟಿತ್ತು. ಅವನು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಋಣ ತುದಿಯ ತಂತಿಯನ್ನು ಮೊದಲು ಬಿಡಿಸಿ, ತುದಿಗಳನ್ನು ಉಜ್ಜಿ ಬಿಗಿದನು. ಅನಂತರ ವಾಹನದ ಎಂಜಿನನ್ನು ನಡೆಸಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬಿಸಿದನು. ಫ್ಯಾನಿನ ಸ್ವರ ಏರಿತು. ಅರ್ಧ ನಿಮಿಷದೊಳಗೆ ಕಿಡಿಯ ಸದ್ದು ಕೇಳಿ ಬೆಚ್ಚನೆಯ ಗಾಳಿ ಬಂದಿತು. ದೋಷ ತೋರಿದ್ದು ಉರಿಯಲ್ಲಿ, ಇದ್ದುದು ಬ್ಯಾಟರಿಯಲ್ಲಿ.

ಮಾಡಬಾರದ ಕೆಲಸಗಳು

ಇಂತಹ ಸಮಯದಲ್ಲಿ ಹಾಯಿ ಸ್ವಿಚ್ಚಿನ ಎರಡು ತುದಿಗಳಿಗೂ ತಂತಿ ಜೋಡಿಸಿ ಫರ್ನೇಸನ್ನು ಹೊತ್ತಿಸುವವರಿದ್ದಾರೆ. ಇದು ಕಾವಲುಗಾರನ ಕಣ್ಣು ಕಟ್ಟಿದಂತೆ. ಗಾಳಿ ಸಾಲದೆ ಪ್ರೊಪೇನ್ ಪೂರ್ತಿಯಾಗಿ ಉರಿಯದಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಂಡು ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ಮುಚ್ಚಿದ ಕೋಣೆಯಲ್ಲಿ ಒಲೆಯನ್ನು ಉರಿಸಿ ಮಲಗುವುದೂ ಇದೇ ಕಾರಣದಿಂದ ಸಲ್ಲದು.

ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ಸೋರಿದಾಗ ನೆಲದ ಮೇಲೆ ಶೇಖರವಾಗುತ್ತದೆ. ಗಾಳಿಯಲ್ಲಿ ಅದು ಶೇಕಡಾ 2ರಿಂದ 9.5ರವರೆಗೆ ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯಬಹುದು. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಬರಬೇಕು. ಹೊರಗಿರುವ ಸಿಲಿಂಡರಿನ ಕವಾಟವನ್ನು ಮುಚ್ಚಬೇಕು. ಅನಿಲದ ಕೊಳವೆ, ಕವಾಟ, ದಹನಕೋಷ್ಠಗಳ ದುರಸ್ತಿಯನ್ನು ಬಲ್ಲವರಿಗೇ ಬಿಡಬೇಕು.

ವಿದ್ಯಾರ್ಥಿಗಳು ಈ ಪಾಠದ ಮುಖ್ಯ ಭಾಗವನ್ನು ತಮ್ಮ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯದಾದ ಟಾರ್ಚ್ ಸೆಲ್ಲಿನ ತುದಿಗಳಿಗೆ ವೋಲ್ಟ್ ಮಾಪಕವನ್ನು ಜೋಡಿಸಿ, ಬಲ್ಬಿಲ್ಲದೆ ಒಮ್ಮೆ, ಬಲ್ಬು ಉರಿಯುತ್ತಿರುವಾಗ ಇನ್ನೊಮ್ಮೆ ಓದಿರಿ. ಹೊಸ ಸೆಲ್ಲಿನಲ್ಲಿಯೂ ಹಾಗೆಯೇ ಮಾಡಿರಿ. ಎರಡು ಸೆಲ್ಲುಗಳ ಇಳಿತಗಳನ್ನು ಹೋಲಿಸಿದರೆ, ಬ್ಯಾಟರಿಯನ್ನು ದುಡಿಸುತ್ತಲೇ ಏಕೆ ಅಳೆಯಬೇಕೆಂಬುದು ನಿಮಗೇ ತಿಳಿಯುತ್ತದೆ.