ಪಂಪಿನ ಚಕ್ರದೊಳಗೆ ನೀರಿನ ಹರಿವು

ಬೇಸಿಗೆಯಲ್ಲಿ ತೆರೆದ ಬಾವಿಯ ನೀರು ಕೆಳಗಿಳಿದಂತೆ ದಡದ ಮೇಲಿನ ಪಂಪು ಜಲ್ಲಿಕಲ್ಲು ಅರೆದಂತೆ ಸದ್ದು ಮಾಡುವುದೂ, ನೀರು ಕಡಿಮೆಯಾಗುವುದೂ ರೈತರ ಅನುಭವಕ್ಕೆ ಬಂದ ಸಂಗತಿ. ಶಕ್ತಿ ಸಾಲದೆಂದು ತಿಳಿದು 5 ಅಶ್ವಶಕ್ತಿಯ ಬದಲು 7.5 ಅಶ್ವಶಕ್ತಿಯ ಪಂಪನ್ನು ಕೂರಿಸುವವರುಂಟು. ಹಣ ವೆಚ್ಚವಾಗುವುದೇ ಹೊರತು ತೊಂದರೆ ನೀಗುವುದಿಲ್ಲ.

15 ಸೆಂ.ಮೀ. ವ್ಯಾಸದ ಚಕ್ರವು ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 80 ಕಿ.ಮೀ. ದಾಟುತ್ತದೆ. ಅದರೊಳಗಿನ ಹರಿವನ್ನು ಕಣ್ಣಿನಿಂದ ನೋಡುವುದು ಕಷ್ಟ. ಆದುದರಿಂದ ವಿನ್ಯಾಸಕಾರರು ಗಣಕಯಂತ್ರದ ನೆರವು ಪಡೆಯುತ್ತಾರೆ. ರೆಕ್ಕೆಗಳ ನಡುವಣ ನೀರಿನ ದಾರಿಯನ್ನು ಲಕ್ಷಾಂತರ ಪುಟ್ಟ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿನ ಒಳಬಂದ ನೀರು, ಹೊರಹೋದ ನೀರು ಮತ್ತು ಒತ್ತಡಗಳ ಲೆಕ್ಕ ತಾಳೆಯಾಗುವವರೆಗೆ ಮತ್ತೆ ಮತ್ತೆ ಬಿಡಿಸಲಾಗುತ್ತದೆ. ಇದಕ್ಕೆ ಬಳಸುವ ವಿಧಾನಗಳಲ್ಲಿ ಫೈನೈಟ್ ಎಲಿಮೆಂಟ್ ವಿಧಾನವೂ ಒಂದು. ಜಾತ್ರೆಯ ತಿರುಗುವ ಕುದುರೆಯ ಮೇಲೆ ಕುಳಿತವನಿಗೆ ಕುದುರೆ ನಿಂತಂತೆಯೂ, ತನ್ನನ್ನು ಯಾರೋ ಹೊರಕ್ಕೆ ದೂಡಿದಂತೆಯೂ ತೋರುತ್ತದಷ್ಟೆ. ಅಂತೆಯೇ ಚಕ್ರವನ್ನು ನಿಂತದ್ದೆಂದು ಭಾವಿಸಿ, ಹೊರದೂಡುವ ಬಲವನ್ನೂ ಪಕ್ಕಕ್ಕೆಳೆಯುವ ಬಲವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಬಂದ ಉತ್ತರವನ್ನು ನಿಜವಾದ ಪಂಪಿನಲ್ಲಿ ಅಳೆದು ನೋಡದೆ ನಂಬತಕ್ಕದ್ದಲ್ಲ.

ಇಂಥ ಲೆಕ್ಕದಲ್ಲಿ ಸಾಮಾನ್ಯವಾಗಿ ಕಂಡುಬರುವುದೆಂದರೆ, ಅತ್ಯಂತ ಕಡಿಮೆ ಒತ್ತಡವಿರುವುದು ನೀರು ಚಕ್ರವನ್ನು ಹೊಗುವಲ್ಲಿ, ರೆಕ್ಕೆಯ ಮುಂದಂಚಿನ ಹಿಂಬದಿಯಲ್ಲಿ. ಅಲ್ಲಿ ಒತ್ತಡ ತೀರ ಇಳಿದರೆ ತಣ್ಣೀರೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಮುಂದೆ ಸಾಗಿ, ಒತ್ತಡ ಹೆಚ್ಚಿರುವಲ್ಲಿ ಒಡೆಯುವಾಗ ಲೋಹವನ್ನು ಕೊರೆಯುತ್ತವೆ. ಜಲ್ಲಿಕಲ್ಲಿನ ಸದ್ದು ಇದೇ.

ಪಂಪು ನೀರನ್ನು ಎಳೆಯುವುದಿಲ್ಲ, ವಾಯುಮಂಡಲದ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ಈ ಒತ್ತಡ ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರಿನಷ್ಟು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 9.3 ಮೀಟರ್ ಮಾತ್ರ. ಇದರಲ್ಲಿ ಬೆಚ್ಚಗಿನ ನೀರಿನ ಆವಿಗೆ 0.4, ಕೊಳವೆಯ ತಿಕ್ಕಾಟಕ್ಕೆ 1, ಪಂಪಿನ ಬಾಯಿಗೆ 3 ಮೀಟರ್ ಬೇಕೆಂದು ಇಟ್ಟುಕೊಂಡರೆ ಉಳಿಯುವುದು 4.9 ಮೀಟರ್. ಮೋಟಾರು ದೊಡ್ಡದಾದರೂ ಗಾಳಿಯ ಒತ್ತಡ ಹೆಚ್ಚದು. ಹೆಚ್ಚು ನೀರೆತ್ತುವ ಪಂಪಿನಲ್ಲಿ ತಿಕ್ಕಾಟವೂ ಬಾಯಿಯ ಬೇಡಿಕೆಯೂ ಹೆಚ್ಚಿ, ಉಳಿಯುವುದು ಇನ್ನೂ ಕಡಿಮೆ.

ಆದುದರಿಂದ ಪಂಪನ್ನು ನೀರಿನ ಮಟ್ಟಕ್ಕೆ ಹತ್ತಿರ ಇಳಿಸುವುದು, ಹೀರುಕೊಳವೆಯನ್ನು ಒಂದು ಅಳತೆ ದೊಡ್ಡದಾಗಿಸಿ ಬಾಗುಗಳನ್ನು ಕಡಿಮೆ ಮಾಡುವುದು, ಫುಟ್‌ವಾಲ್ವಿನ ಜಾಲರಿಯಲ್ಲಿ ಕಟ್ಟಿದ ಕಸ ತೆಗೆಯುವುದು ಮೊದಲ ಕೆಲಸ. ನೀರನ್ನು ಕಡಿಮೆ ಮಾಡಬೇಕಾದಲ್ಲಿ ಡೆಲಿವರಿ ಕಡೆಯ ವಾಲ್ವನ್ನು ತಿರುಗಿಸಬೇಕೇ ಹೊರತು ಹೀರುಕೊಳವೆಯ ಕಡೆ ಎಂದಿಗೂ ಅಡ್ಡಿಮಾಡಬಾರದು.