ಪದದ ಬಾಲ ಹಿಡಿಯಿರಿ: ಇಂಗ್ಲಿಷ್ ಪದಕುಟುಂಬ ಕಲಿಯುವ ಬಗೆ

ಅರ್ಜಿಯಲ್ಲಿ 'ನೇಮ್ ಆಫ್ ದಿ ಎಂಪ್ಲಾಯರ್' ಎಂದಿದ್ದ ಕಡೆ ನನ್ನದೇ ಹೆಸರು ಬರೆದು ಕೊಟ್ಟು ಬಂದವನು ನಾನು. ಅವರು ಕೇಳಿದ್ದು ಕೆಲಸ ಕೊಟ್ಟವರ ಹೆಸರನ್ನು. ಪದದ ತಲೆ ಗೊತ್ತಿತ್ತು, ಬಾಲ ಗೊತ್ತಿರಲಿಲ್ಲ. ಭಯಪಡಬೇಡಿ, ಬಾಲ ಹಿಡಿಯುವುದು ಕಷ್ಟವಲ್ಲ. ಒಂದು ನೋಟ್‌ಬುಕ್ಕು, ಪೆನ್ನು, ದಿನಕ್ಕೆ ಕಾಲು ಗಂಟೆ ಸಾಕು.

ಹಂತ 1: ಮೊದಲು ಕನ್ನಡದಲ್ಲೇ ಮಾಡಿ. 'ಹಾಡು' ಎಂದು ಬರೆಯಿರಿ. ಅದರ ಕೆಳಗೆ ಹಾಡುಗಾರ, ಹಾಡುಗಾರಿಕೆ. ಯಾರೂ ಹೇಳಿಕೊಡದೆಯೇ ನಿಮಗೆ ಇದು ಬಂತಲ್ಲ? ಇಂಗ್ಲಿಷಿನಲ್ಲೂ ನಡೆಯುವುದು ಇದೇ.

ಹಂತ 2: ಹೊಸ ಪುಟದಲ್ಲಿ 'ಎಂಪ್ಲಾಯ್' ಎಂದು ಬರೆಯಿರಿ. ಅರ್ಥ, ಕೆಲಸಕ್ಕೆ ಇಟ್ಟುಕೊಳ್ಳು. ಇವತ್ತಿಗೆ ಇದೊಂದೇ ಪದ. ಹತ್ತು ಪದ ಒಟ್ಟಿಗೆ ಹಿಡಿದವರು ಮೂರನೇ ದಿನ ನೋಟ್‌ಬುಕ್ಕನ್ನೇ ಹುಡುಕುತ್ತಿರುತ್ತಾರೆ.

ಹಂತ 3: ಬಾಲ ಸೇರಿಸಿ. 'ಅರ್' ಸೇರಿದರೆ ಎಂಪ್ಲಾಯರ್, ಕೆಲಸ ಕೊಡುವವರು. 'ಈ' ಸೇರಿದರೆ ಎಂಪ್ಲಾಯೀ, ಕೆಲಸಕ್ಕಿರುವವರು. ಟ್ರೈನರ್, ಟ್ರೈನೀ ಕೂಡ ಹೀಗೆಯೇ: ಒಬ್ಬರು ಕಲಿಸುವವರು, ಇನ್ನೊಬ್ಬರು ಕಲಿಯುವವರು. 'ಮೆಂಟ್' ಸೇರಿದರೆ ಎಂಪ್ಲಾಯ್‌ಮೆಂಟ್, ಅಂದರೆ ಉದ್ಯೋಗ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ನೋಡಿರುತ್ತೀರಿ. ಹಿಂದೆ 'ಎಡ್', ಮುಂದೆ 'ಅನ್' ಇಟ್ಟರೆ ಅನ್‌ಎಂಪ್ಲಾಯ್ಡ್. ಕೆಲಸವಿಲ್ಲದವರು. ಒಂದೇ ಪದದಿಂದ ಹುಟ್ಟಿದ ಇವೆಲ್ಲ ಸೇರಿ ಒಂದು ಪದಕುಟುಂಬ.

ಎಚ್ಚರ: ಎಲ್ಲ ಬಾಲವೂ ಎಲ್ಲ ಪದಕ್ಕೂ ಅಂಟುವುದಿಲ್ಲ. ಟೀಚ್ ಮಾಡುವವರು ಟೀಚರ್, ಸರಿ. ಕುಕ್ ಮಾಡುವವರು ಕುಕ್ಕರ್ ಅಲ್ಲ! ಅಡುಗೆಯವರು ಬರೀ 'ಕುಕ್'. ಕುಕ್ಕರ್ ಒಲೆ ಮೇಲೆ ಕೂತು ಕೂಗುತ್ತದೆ.

ಹಂತ 4: ಅದಕ್ಕೇ ಡಿಕ್ಷನರಿ ತೆರೆಯಿರಿ. ಮೊಬೈಲಿನಲ್ಲಿ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಸಿಗುತ್ತದೆ. ನೀವು ಕಟ್ಟಿದ ಪದ ಅಲ್ಲಿದೆಯೇ ನೋಡಿ. ಪಕ್ಕದಲ್ಲಿ ನೌನ್, ವರ್ಬ್, ಅಡ್ಜೆಕ್ಟಿವ್ ಎಂದಿರುತ್ತದೆ, ಅದನ್ನೂ ಬರೆದುಕೊಳ್ಳಿ.

ಹಂತ 5: ಸ್ಪೀಕರ್ ಗುರುತು ಒತ್ತಿ ಉಚ್ಚಾರ ಕೇಳಿ. ಬಾಲ ಬಂದರೆ ಒತ್ತು ಜಾಗ ಬದಲಿಸುವುದುಂಟು. 'ಫೋಟೋಗ್ರಾಫ್'ನಲ್ಲಿ ಒತ್ತು 'ಫೋ' ಮೇಲೆ. 'ಫೊಟಾಗ್ರಫರ್'ನಲ್ಲಿ 'ಟಾ' ಮೇಲೆ.

ಹಂತ 6: ಪ್ರತಿ ಪದಕ್ಕೂ ನಿಮ್ಮದೇ ಒಂದು ವಾಕ್ಯ ಬರೆದು ಜೋರಾಗಿ ಓದಿ. ಇಲ್ಲಿ 'ಲಿ' ಎಂಬ ಬಾಲ ಜಾರಿಸುತ್ತದೆ. 'ಐ ವರ್ಕ್ ಹಾರ್ಡ್' ಎಂದರೆ ಕಷ್ಟಪಟ್ಟು ದುಡಿಯುತ್ತೇನೆ. 'ಐ ಹಾರ್ಡ್ಲಿ ವರ್ಕ್' ಎಂದರೆ ಕೆಲಸ ಮಾಡುವುದೇ ಅಪರೂಪ. ಇಂಟರ್‌ವ್ಯೂನಲ್ಲಿ ಎರಡನೆಯದನ್ನು ಹೇಳಿದರೆ ನಿಜ ಒಪ್ಪಿಕೊಂಡಂತೆ!

ಹೀಗೆ ಎಷ್ಟು ಕುಟುಂಬ ಕಲಿಯಬೇಕು? ಭಾಷಾ ಸಂಶೋಧಕಿ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ, ಕಾಲೇಜು ಓದಿಗೆ ಬೇಕಾಗುವ ಪದಗಳ ಪಟ್ಟಿಯಲ್ಲಿ 570 ಕುಟುಂಬಗಳಿವೆ. ದಿನಕ್ಕೊಂದರಂತೆ ಸುಮಾರು ಒಂದೂವರೆ ವರ್ಷದ ಕೆಲಸ, ಅಷ್ಟೆ. ನಾಳೆಗೆ 'ಡಿಸೈಡ್' ತೆಗೆದುಕೊಳ್ಳಿ. ಅದು 'ಡಿಸಿಷನ್' ಆಗುವಾಗ ಕೊನೆಯ 'ಡ್' ಮಾಯವಾಗುತ್ತದೆ. ಸ್ಪೆಲಿಂಗ್ ನೋಡಿಕೊಂಡು ಬರೆಯಿರಿ.